ಕೆಳಗಿನ ಸಾಲಿನ ಟ್ಯೂಬು

ಎರಡನೇ ನಂಬರಿನ ಫ್ರೀಜರ್ ಬೆಳಗ್ಗೆಯೇ ಕೂಗತೊಡಗಿತ್ತು. ನಾನು ನೆಲಮಾಳಿಗೆಗೆ ಇಳಿದಾಗ ಹಿಮಪ್ಪ ಅದರ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದರು, ಎದೆಬಡಿತ ಕೇಳುವ ವೈದ್ಯರ ಹಾಗೆ. ಹಿಮಪ್ಪ ಅವರ ನಿಜವಾದ ಹೆಸರಲ್ಲ. ಸಂಸ್ಥೆಯ ಫ್ರೀಜರ್‌ಗಳನ್ನೆಲ್ಲ ನೋಡಿಕೊಳ್ಳುವವರು. ಯಾರೋ ಹಾಗೆ ಕರೆದರು, ಅವರೂ ಓಗೊಡುತ್ತ ಹೋದರು.

“ಇದರ ಆಯಸ್ಸು ಮುಗೀತು,” ಎಂದರು. “ಶುಕ್ರವಾರದ ಒಳಗೆ ಖಾಲಿ ಮಾಡ್ಬೇಕು. ಅಧ್ಯಯನದ ಸ್ಯಾಂಪಲ್ ಎಲ್ಲಾ ಪಕ್ಕದ ಫ್ರೀಜರ್‌ಗೆ. ಟ್ರಯಲ್‌ದು, ಹಳೇದು, ಹಾಳುಮೂಳು ಎಲ್ಲಾ ಸುಡೋದಕ್ಕೆ.”

“ಟ್ರಯಲ್‌ದು ಇರ್ಲಿ ಬಿಡಿ.”

“ಎಲ್ಲಿಡ್ಲಿ ತಾಯಿ? ನನ್ನ ತಲೆ ಮೇಲಾ?”

“ಮನೆಗೆ ತೊಗೊಂಡು ಹೋಗ್ಬಹುದಾ?”

ಅವರು ಕನ್ನಡಕದ ಮೇಲಿನಿಂದ ನೋಡಿದರು. “ಮನೇಲಿ ಎಲ್ಲಿಡ್ತೀಯ, ಐಸ್‌ಕ್ರೀಂ ಪಕ್ಕಾನಾ? ಕಟ್ಟಡದಿಂದ ಆಚೆ ಹೋಗೋ ಹಾಗಿಲ್ಲ. ನಿನಗೇ ಗೊತ್ತಲ್ಲ.”

ಗೊತ್ತಿತ್ತು. ಆದರೂ ಕೇಳಿದೆ.

“ಯಾವುದು ಬೇಕಿತ್ತು?”

“ಕೆಳಗಿನ ಸಾಲಿಂದು.”

ಆ ಟ್ಯೂಬಿನ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಆದರೂ ಅದು ಯಾರದೆಂದು ಹಿಮಪ್ಪನವರಿಗೆ ಗೊತ್ತು. ಅದು ನನ್ನ ಗಂಡನದು. ಪಕ್ಕದಲ್ಲಿರುವ ಇನ್ನೊಂದು ನನ್ನದು.

ನಮ್ಮ ಕೆಲಸ ಊಟಕ್ಕೆ ಸಂಬಂಧಿಸಿದ್ದು, ಆದರೆ ಊಟದ ಹೊತ್ತಿನಲ್ಲಿ ಹೇಳುವಂಥದ್ದಲ್ಲ. ಕಾಳು, ಸೊಪ್ಪು, ಸಿಪ್ಪೆಗಳಲ್ಲಿರುವ ನಾರನ್ನು ನಮ್ಮ ದೇಹ ತಾನಾಗಿ ಅರಗಿಸಲಾರದು. ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ. ಅವು ತಿಂದು ಬಿಟ್ಟದ್ದರಲ್ಲಿ ಒಂದಷ್ಟು ನಮ್ಮ ಕರುಳಿನ ಗೋಡೆಗೆ ಆಹಾರವಾಗುತ್ತದೆ. ಅವುಗಳ ಎಂಜಲು ನಮ್ಮ ಊಟ. ಒಬ್ಬರ ಹೊಟ್ಟೆಯಲ್ಲಿರುವ ತಳಿಗಳೇ ಇನ್ನೊಬ್ಬರಲ್ಲಿ ಇರುವುದಿಲ್ಲ. ಒಂದೇ ಊಟ ಇಬ್ಬರಿಗೆ ಒಂದೇ ರೀತಿ ಒಗ್ಗದಿರುವುದಕ್ಕೆ ಅದೂ ಒಂದು ಕಾರಣ. ಆದರೆ ಒಂದೇ ಸೂರಿನಡಿ ಇರುವವರ ನಡುವೆ ಕೆಲವು ತಳಿಗಳು ದಾಟುತ್ತವೆ. ಎಷ್ಟು ದಾಟುತ್ತವೆ, ದಾಟಿದವು ಎಷ್ಟು ಕಾಲ ನಿಲ್ಲುತ್ತವೆ, ನಿಲ್ಲಬೇಕಾದರೆ ಅವಕ್ಕೆ ಏನು ತಿನ್ನಲು ಕೊಡಬೇಕು ಎಂಬುದು ನಮ್ಮ ಅಧ್ಯಯನದ ಪ್ರಶ್ನೆ. ಅದಕ್ಕಾಗಿ ಮನೆಮನೆಗಳಿಂದ ಮಲದ ಸ್ಯಾಂಪಲ್ ಬರುತ್ತದೆ.

ಅಧ್ಯಯನ ಶುರುವಾಗುವ ಮೊದಲು ಒಂದು ಟ್ರಯಲ್ ಮಾಡಿದ್ದೆವು. ಡಬ್ಬಿ ಮನೆಯಿಂದ ಇಲ್ಲಿಯವರೆಗೆ ತಣ್ಣಗೇ ಬರುತ್ತದೆಯೇ, ಜೊತೆಗಿರುವ ಸೂಚನೆ ಜನಕ್ಕೆ ಅರ್ಥವಾಗುತ್ತದೆಯೇ ಎಂದು ನೋಡಬೇಕಿತ್ತು. ಇಂಥದ್ದಕ್ಕೆಲ್ಲ ಬಲಿಯಾಗುವವರು ಸಿಬ್ಬಂದಿಯ ಮನೆಯವರು. ನಾನು ಎರಡು ಡಬ್ಬಿ ಮನೆಗೆ ತಂದೆ. ಮುಚ್ಚಳಕ್ಕೇ ಒಂದು ಪುಟ್ಟ ಚಮಚ ಅಂಟಿಕೊಂಡಿರುವ ಡಬ್ಬಿ.

“ಬೇರೆಯವರ ಹೆಂಡ್ತೀರು ಗಂಡಂಗೆ ಶರ್ಟ್ ತಂದುಕೊಡ್ತಾರೆ,” ಎಂದ ನನ್ನ ಗಂಡ, ಚಮಚ ತಿರುಗಿಸಿ ನೋಡುತ್ತ. “ನನ್ನ ಹಣೆಬರಹ ನೋಡು.”

ಮರುದಿನ ಬೆಳಗ್ಗೆ ನನ್ನದು ಮುಗಿಸಿ, ಡಬ್ಬಿಯನ್ನು ಬಚ್ಚಲಲ್ಲೇ ಐಸ್ ಚೀಲದಲ್ಲಿಟ್ಟು ಹೊರಗೆ ಬಂದೆ. ಅವನು ಒಳಗೆ ಹೋದ. ದಿನಾ ಅವನು ಒಳಗೆ ಹೋದರೆ ನಾನು ಪೇಪರ್ ಪೂರ್ತಿ ಓದಿ ಮುಗಿಸಬಹುದಿತ್ತು. ಆವತ್ತು ನನ್ನ ಚಹಾ ಆರುವ ಮೊದಲೇ ಸಿಳ್ಳೆ ಹಾಕುತ್ತ ಬಂದ, ಕೈಯಲ್ಲಿ ಚೀಲ.

“ಇಷ್ಟು ಬೇಗ?”

“ಲಿಫ್ಟ್ ಮೆಕ್ಯಾನಿಕ್ ಕಣೇ ನಾನು. ಗುಂಡಿ ಒತ್ತಿದ ತಕ್ಷಣ ಕೆಳಗೆ ಇಳೀಬೇಕು.”

ಡಬ್ಬಿಗಳು ತಣ್ಣಗೇ ತಲುಪಿದವು. ಸೂಚನೆ ಸ್ಪಷ್ಟವಾಗಿದೆ ಎಂದು ತೀರ್ಮಾನಿಸಿದೆವು. ಎರಡೂ ಡಬ್ಬಿಗಳಿಂದ ಬಟಾಣಿಯಷ್ಟು ತೆಗೆದು ಬೇರೆ ಬೇರೆ ಟ್ಯೂಬಿಗೆ ಹಾಕಿ ಫ್ರೀಜರಿನ ಕೆಳಗಿನ ಸಾಲಿನಲ್ಲಿಟ್ಟೆ. ಆಮೇಲೆ ಅವನ್ನು ಯಾರೂ ಮುಟ್ಟಲಿಲ್ಲ. ಮುಟ್ಟುವ ಕಾರಣವಿರಲಿಲ್ಲ.

ಒಂದು ವರ್ಷದ ನಂತರ, ಎತ್ತರದ ಕಟ್ಟಡವೊಂದರ ತುದಿಯಲ್ಲಿ, ಲಿಫ್ಟಿನ ಯಂತ್ರಕೋಣೆಯಲ್ಲಿ ಅವನು ಕುಸಿದುಬಿದ್ದ. ಲಿಫ್ಟ್ ಸರಿಯಾಗಿಯೇ ಇತ್ತು. ಅವನ ತಲೆಯೊಳಗೆ ರಕ್ತನಾಳ ಒಡೆದಿತ್ತು.

ಅದಾಗಿ ಒಂದು ವರ್ಷ ಕಳೆದಿದೆ. ಅವನ ಬಟ್ಟೆ, ಸ್ಪ್ಯಾನರ್ ಪೆಟ್ಟಿಗೆ, ಬೂಟು ಮನೆಯಲ್ಲಿವೆ. ಅವೆಲ್ಲ ಅವನ ವಸ್ತುಗಳು. ಅವನ ಮೈಯಿಂದ ಬಂದದ್ದು ಈ ಟ್ಯೂಬಿನಲ್ಲಿರುವುದು ಮಾತ್ರ. ಫ್ರೀಜರ್ ಕೋಣೆಗೆ ಹೋದಾಗಲೆಲ್ಲ ಆ ಕಡೆ ಒಮ್ಮೆ ನೋಡುತ್ತಿದ್ದೆ. ತೆರೆಯುತ್ತಿರಲಿಲ್ಲ. ಇದೆ ಎಂದು ಗೊತ್ತಿದ್ದರೆ ಸಾಕಿತ್ತು.

ಈಗ ಸಾಕಾಗಲಿಲ್ಲ. ಸುಡುತ್ತಾರೆ ಎಂದ ಮೇಲೆ ಒಂದು ಪ್ರಶ್ನೆ ತಲೆ ಎತ್ತಿತು. ಅವನ ಹೊಟ್ಟೆಯಿಂದ ನನ್ನ ಹೊಟ್ಟೆಗೆ ದಾಟಿದ್ದು ಏನಾದರೂ ಇತ್ತೇ? ಇದ್ದರೆ, ಅದು ಇನ್ನೂ ಇದೆಯೇ? ಬಹಳ ದಿನಗಳ ನಂತರ ನನಗೆ ತಿಳಿಯಬೇಕು ಎನ್ನಿಸಿದ್ದು ಇದೊಂದೇ.

ನಮ್ಮ ತಂಡದ ಮುಖ್ಯಸ್ಥೆಯನ್ನು ನಾವು ಮೇಡಂ ಎನ್ನುತ್ತೇವೆ. ಮಾತು ಕಡಿಮೆ, ಪೆನ್ನಿನ ಕ್ಯಾಪು ಕಚ್ಚುವ ಅಭ್ಯಾಸ. ನಾನು ಹೇಳಿದ್ದನ್ನು ಕೊನೆಯವರೆಗೆ ಕೇಳಿದರು.

“ಈ ವಾರದ ಬ್ಯಾಚಲ್ಲಿ ಜಾಗ ಇದೆ,” ಎಂದರು. “ಒಂದು ಕುಟುಂಬ ಬರಲ್ಲ ಅಂತು. ಆದರೆ ಆ ಟ್ಯೂಬಲ್ಲಿ ಇರೋದು ಒಂದು ಸಲಕ್ಕೆ ಮಾತ್ರ ಸಾಕು. ಡಿಎನ್‌ಎ ಓದಿದ್ರೆ ಖಾಲಿ. ಆಮೇಲೆ ಉಳಿಯೋದು ಅಕ್ಷರ ಅಷ್ಟೇ, ಕಂಪ್ಯೂಟರಲ್ಲಿ.”

“ಓದದಿದ್ರೂ ಖಾಲಿ.”

“ಅದೂ ನಿಜ.” ಕ್ಯಾಪು ಕಚ್ಚಿದರು. “ಇಂಥದ್ದಕ್ಕೆ ಅನುಮತಿ ಕೊಡೋ ಸಮಿತಿಯವರನ್ನ ನಾನು ಕೇಳ್ತೀನಿ. ನಿನ್ನ ಗಂಡ ಇಲ್ಲದಿರೋದ್ರಿಂದ ನೀನು ಒಪ್ಪಿದ್ರೆ ಸಾಲದು, ಅವರ ತಾಯೀನೂ ಒಪ್ಪಬೇಕು. ಅವರು ನಿನ್ನ ಜೊತೆಗೇ ಇದ್ದಾರಲ್ಲ? ಹಾಗಾದ್ರೆ ಅವರದ್ದೂ ಒಂದು ತಾ. ಹೆತ್ತವಳಿಂದ ಮಗುಗೆ ಬಂದಿದ್ದು ಯಾವುದು, ನಿನ್ನಿಂದ ಬಂದಿದ್ದು ಯಾವುದು ಅಂತ ಬೇರೆ ಮಾಡೋಕಾಗುತ್ತೆ. ನಿನ್ನ ಹಳೇದು, ನಿನ್ನ ಇವತ್ತಿಂದು, ನಿನ್ನ ಗಂಡಂದು, ಅತ್ತೇದು. ನಾಲ್ಕು.”

ನಾನು ಎದ್ದೆ.

“ಹುಷಾರು,” ಎಂದರು ಮೇಡಂ. “ಏನೂ ಸಿಗದೇ ಇರಬಹುದು.”

ಅತ್ತೆ ನಿವೃತ್ತ ಬಸ್ ಕಂಡಕ್ಟರ್. ಬೇರೆ ಊರಿನಲ್ಲಿ ಇಡೀ ಆಯಸ್ಸು ಒಂದೇ ಮಾರ್ಗದ ಬಸ್ಸಿನಲ್ಲಿ ಓಡಾಡಿದವರು. ಮಗ ಹೋದ ಮೇಲೆ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದರು, ಹೋಗಲಿಲ್ಲ. ಇರಿ ಎಂದು ನಾನೂ ಹೇಳಿರಲಿಲ್ಲ, ಹೋಗಿ ಎಂದೂ ಹೇಳಿರಲಿಲ್ಲ. ಮದುವೆಯಾದ ಮೇಲೆ ವರ್ಷಕ್ಕೊಮ್ಮೆ ಎರಡು ದಿನ ನೋಡಿದ್ದವರು ಈಗ ದಿನಾ ಎದುರಿಗಿದ್ದರು. ನಮ್ಮ ಮಾತು ಹಾಲು, ಗ್ಯಾಸು, ಬೀಗದ ಕೈ ಇಷ್ಟರಲ್ಲೇ ಮುಗಿಯುತ್ತಿತ್ತು. ಅವರು ಕಾಳು ಬೇಯಿಸುತ್ತಿದ್ದರು. ನಾನು ಬ್ರೆಡ್ ತಿಂದು ಚಹಾ ಕುಡಿಯುತ್ತಿದ್ದೆ.

ಆವತ್ತು ಸಂಜೆ ಅವರು ಅಡುಗೆಮನೆಯ ಮೇಜಿನ ಮೇಲೆ ಹುರುಳಿಕಾಯಿಯ ನಾರು ಬಿಡಿಸುತ್ತ ಕೂತಿದ್ದರು. ಎದುರಿಗೆ ಕೂತೆ.

“ಅತ್ತೆ, ಒಂದು ವಿಷಯ ಕೇಳ್ಬೇಕು. ನಮ್ಮ ಆಫೀಸಲ್ಲಿ ಅವನದೊಂದು ಇದೆ.”

ಅವರ ಕೈ ನಿಂತಿತು. “ಏನಿದೆ?”

“ಸ್ಯಾಂಪಲ್. ಫ್ರೀಜರಲ್ಲಿ.”

“ರಕ್ತಾನಾ?”

“ಅಲ್ಲ.”

“ಮತ್ತೆ?”

ಹೇಳಿದೆ. ವಿಶ್ವವಿದ್ಯಾಲಯದಲ್ಲಿ ಕಲಿತ ಪದವನ್ನೇ ಬಳಸಿದೆ. ಅವರಿಗೆ ಅರ್ಥವಾಗಲಿಲ್ಲ. ಎರಡನೇ ಸಲ ಊರಿನ ಪದ ಹೇಳಿದೆ.

ಹುರುಳಿಕಾಯಿ ಕೈಯಿಂದ ಬಿತ್ತು. “ನನ್ನ ಮಗನ ಹೇಲು ಇಟ್ಕೊಂಡಿದೀಯಾ?”

“ಬಟಾಣಿಯಷ್ಟು.”

“ಎಷ್ಟು ದಿನದಿಂದ?”

“ಎರಡು ವರ್ಷದ ಮೇಲಾಯ್ತು.”

“ಕೆಲಸ ಇಲ್ಲದ ಬಡಗಿ ಮಗನ...” ಎಂದು ಶುರು ಮಾಡಿ, ಗಾದೆಯ ಉಳಿದರ್ಧವನ್ನು ನುಂಗಿಕೊಂಡರು. ಅದು ಕುಂಡಿಯ ಬಗೆಗಿನ ಗಾದೆ, ಸಂದರ್ಭಕ್ಕೆ ತೀರಾ ಹತ್ತಿರವಾಗುತ್ತಿತ್ತು. “ಅವನು ಕೊಟ್ನಾ? ಅವನಾ? ಬೆಳಗ್ಗೆ ಒಳಗೆ ಹೋದ್ರೆ ಡಿಪೋಗೆ ಹೋದ ಬಸ್ಸು ಅವನು. ಯಾವಾಗ ಆಚೆ ಬರ್ತಾನೆ ಅಂತ ಬ್ರಹ್ಮಂಗೂ ಗೊತ್ತಿರ್ಲಿಲ್ಲ.”

“ಆವತ್ತು ಬೇಗ ಬಂದ.”

“ಹೆಂಡ್ತಿ ಅಂದ್ರೆ ಭಯ,” ಎಂದರು. ಆಮೇಲೆ ದನಿ ಇಳಿಸಿ ಕೇಳಿದರು, “ಅದರಲ್ಲಿ ಜೀವ ಇದೆಯಾ?”

“ಹೆಚ್ಚಿನವು ಸತ್ತಿರ್ತವೆ. ಕೆಲವು ಬದುಕಿರಬಹುದು. ಗೊತ್ತಿಲ್ಲ. ಶುಕ್ರವಾರದೊಳಗೆ ಅದನ್ನ ಸುಡ್ತಾರೆ, ಅದಕ್ಕೆ ಮೊದಲು ಯಂತ್ರದಲ್ಲಿ ಓದಿಸ್ಬಹುದು.”

“ಅದನ್ನ ಓದಿದ್ರೆ ಏನು ಗೊತ್ತಾಗುತ್ತೆ?”

“ಅವನಿಂದ ನನಗೆ ಬಂದಿದ್ದು ಏನಾದ್ರೂ ಇತ್ತಾ, ಇನ್ನೂ ಇದೆಯಾ ಅಂತ. ನಿಮ್ಮಿಂದ ಅವನಿಗೆ ಬಂದಿದ್ದೂ ಗೊತ್ತಾಗಬಹುದು.”

“ನಾನು ಅವನಿಗೆ ಕೊಟ್ಟಿದೀನಾ?”

“ಹುಟ್ಟುವಾಗ. ಆಮೇಲೂ ಎತ್ತಿ ಆಡ್ಸುವಾಗ, ಉಣ್ಸುವಾಗ. ಎಲ್ಲ ಉಳಿಯಲ್ಲ. ಕೆಲವು ಉಳೀಬಹುದು.”

ಅತ್ತೆ ಬಿದ್ದ ಹುರುಳಿಕಾಯಿ ಎತ್ತಿಕೊಂಡು ಅದರ ನಾರನ್ನು ತುದಿಯಿಂದ ತುದಿಗೆ ಉದ್ದಕ್ಕೆ ಎಳೆದರು.

“ಓದಿಬಿಡು,” ಎಂದರು. “ಸುಡೋದು ಒಂದು ಸಲ ಆಯ್ತಲ್ಲ.”

ನಾನು ಎರಡನೇ ಕೆಲಸಕ್ಕೆ ಬಂದೆ. ಚೀಲದಿಂದ ಹೊಸ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನೂ ನನ್ನನ್ನೂ ನೋಡಿದರು.

“ನಂದೂ ಬೇಕಾ?”

“ಹೋಲಿಸಿ ನೋಡೋದಕ್ಕೆ.”

“ಮೂವತ್ತು ವರ್ಷ ಬಸ್ಸಲ್ಲಿ ದುಡಿದೆ. ಒಂದು ಸ್ಟಾಪಲ್ಲೂ ಕಕ್ಕಸು ಇರ್ಲಿಲ್ಲ. ಕಟ್ಕೊಂಡೇ ಇರ್ತಿದ್ದೆ, ಯಾರೂ ಕೇಳ್ಲಿಲ್ಲ. ಈಗ ಸರ್ಕಾರಿ ಮರ್ಯಾದೆ ಕೊಟ್ಟು ಡಬ್ಬಿ ಕಳಿಸಿದಾರೆ ನೋಡು.” ಮುಚ್ಚಳ ತೆರೆದು ಚಮಚ ನೋಡಿದರು. “ಇದನ್ನ ಅಡುಗೆಮನೇಲಿ ಇಡ್ಬೇಡ ಮಾರಾಯ್ತಿ. ಕಣ್ಣು ಕಾಣದೆ ಉಪ್ಪಿಗೆ ಹಾಕ್ಬಿಟ್ಟೇನು.”

ಸಮಿತಿ ಒಪ್ಪಿತು. ಗುರುವಾರ, ನನ್ನ ಮತ್ತು ಅತ್ತೆಯ ಹೊಸ ಡಬ್ಬಿಗಳೂ ಬಂದ ಮೇಲೆ, ಆ ಕೆಲಸವನ್ನು ನಾನೇ ಮಾಡಿದೆ. ಬೇರೆಯವರು ಮಾಡುತ್ತೇವೆಂದರು, ಬೇಡವೆಂದೆ. ಹಿಮಪ್ಪ ಕೆಳಗಿನ ಸಾಲಿನ ಎರಡು ಟ್ಯೂಬುಗಳನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ತಾವೇ ಮೆಟ್ಟಿಲು ಹತ್ತಿ ತಂದರು. ಎಂದೂ ಹತ್ತದ ಮೆಟ್ಟಿಲು ಅದು.

ಅವನ ಟ್ಯೂಬಿನ ಮೇಲಿನ ಹಿಮವನ್ನು ಬೆರಳಿನಿಂದ ಒರೆಸಿದೆ. ಒಳಗಿರುವುದು ಕಂದು ಬಣ್ಣದ ಒಂದು ಚೂರು. ನನ್ನದೂ ಹಾಗೇ ಇತ್ತು. ಕರಗಿದ ಮೇಲೆ ಸಣ್ಣ ಗಾಜಿನ ಮಣಿಗಳಿರುವ ದ್ರಾವಣಕ್ಕೆ ಹಾಕಿ ಯಂತ್ರದಲ್ಲಿ ಅಲುಗಿಸಿದೆ. ಮಣಿಗಳ ಹೊಡೆತಕ್ಕೆ ಕೋಶಗಳೆಲ್ಲ ಒಡೆಯುತ್ತವೆ, ಒಳಗಿನ ಡಿಎನ್‌ಎ ಹೊರಬರುತ್ತದೆ. ಬದುಕಿದ್ದವೇನಾದರೂ ಇದ್ದರೆ ಆಗ ಸತ್ತವು. ಯಂತ್ರದ ಸದ್ದು ಡಬ್ಬದಲ್ಲಿ ಕಡಲೆ ಕುಲುಕಿದ ಹಾಗಿತ್ತು. ಏನೋ ಅನ್ನಿಸಬೇಕಿತ್ತು. ಕೈಗವಸು ಸಡಿಲವಾಗಿದೆ ಎಂದಷ್ಟೇ ಅನ್ನಿಸಿತು.

ಆಮೇಲಿನದು ಕಾಯುವ ಕೆಲಸ. ಓದುವ ಯಂತ್ರ ನಿಧಾನ, ಅದರ ಹಿಂದಿರುವ ಲೆಕ್ಕ ಇನ್ನೂ ನಿಧಾನ. ಮನೆಯಲ್ಲಿ ಅತ್ತೆ ದಿನಾ ಬಾಗಿಲಲ್ಲೇ ಕೇಳುತ್ತಿದ್ದರು, “ಬಂತಾ ರಿಸಲ್ಟು?” ಹತ್ತನೇ ತರಗತಿಯ ಮಗುವಿನ ತಾಯಿಯ ಹಾಗೆ. ಒಂದು ದಿನ, “ನಂದು ಪಾಸಾಗುತ್ತಾ?” ಎಂದರು. ಇನ್ನೊಂದು ದಿನ ನನ್ನ ತಟ್ಟೆಯಲ್ಲಿನ ಬ್ರೆಡ್ ನೋಡಿ, “ಹೊಟ್ಟೆ ಮೇಲೆ ಸಂಶೋಧನೆ ಮಾಡೋಳು ನೋಡು. ಊರಿಗೆಲ್ಲ ನಾರು, ತನಗೆ ಬ್ರೆಡ್ಡು,” ಎಂದರು.

ಲೆಕ್ಕ ಮಾಡುವವಳನ್ನು ಎಲ್ಲರೂ ಲೆಕ್ಕದಮ್ಮ ಎನ್ನುತ್ತಾರೆ. ನನಗಿಂತ ಚಿಕ್ಕವಳು. ಬೇರೆಯವರನ್ನು ಕಾಲರ್ ಹಿಡಿದು ಎಳೆದು ತೋರಿಸುವವಳು, ನನ್ನ ಬಳಿ ಮಾತ್ರ ಆವತ್ತು ಕುರ್ಚಿ ಎಳೆದುಕೊಟ್ಟಳು.

“ಅಕ್ಕಾ, ಕೂತ್ಕೊಳಿ. ಒಂದು ಎಡವಟ್ಟಾಗಿದೆ.”

ಕೂತೆ.

“ನಿಮ್ಮ ಹಳೇ ಟ್ಯೂಬು, ಅಣ್ಣನ ಟ್ಯೂಬು, ಎರಡೂ ಒಂದೇ.”

“ಹತ್ತಿರ ಇರುತ್ತೆ. ಒಂದೇ ಮನೆ.”

“ಹತ್ತಿರ ಅಲ್ಲಕ್ಕಾ. ಒಂದೇ. ಅವಳಿ ಜವಳಿಗಳದ್ದೂ ಹೀಗೆ ಬರಲ್ಲ.” ಪರದೆಯ ಮೇಲೆ ಎರಡು ಸಾಲು ತೋರಿಸಿದಳು. ಒಂದರ ನೆರಳು ಇನ್ನೊಂದು. “ಇನ್ನೊಂದಿದೆ. ಸ್ಯಾಂಪಲ್ ಅದಲು ಬದಲು ಆಗಿದೆಯಾ ಅಂತ ಒಂದು ಪರೀಕ್ಷೆ ಇದೆಯಲ್ಲ. ಮಲದಲ್ಲಿ ಮನುಷ್ಯನ ಡಿಎನ್‌ಎನೂ ಚೂರು ಇರುತ್ತೆ. ಗಂಡಸೋ ಹೆಂಗಸೋ ಗೊತ್ತಾಗುತ್ತೆ. ಅಣ್ಣನ ಟ್ಯೂಬು ಗಂಡಸಿಂದಲ್ಲ.”

ಕೈ ತಪ್ಪಿ ನನ್ನದನ್ನೇ ಎರಡು ಸಲ ಹಾಕಿದೆನೇ ಎಂದು ಮೊದಲು ಯೋಚಿಸಿದೆ. ಖಾಲಿ ಟ್ಯೂಬುಗಳನ್ನು ಇನ್ನೂ ಎಸೆದಿರಲಿಲ್ಲ. ಅವನ ಟ್ಯೂಬಿನ ಗೋಡೆಗೆ ಅಂಟಿದ್ದನ್ನು ತೊಳೆದು, ಈ ಸಲ ಬೇರೆಯವರ ಕೈಯಲ್ಲಿ, ಮತ್ತೆ ಪರೀಕ್ಷೆ ಮಾಡಿಸಿದೆವು. ಅದೇ ಉತ್ತರ ಬಂತು. ಟ್ರಯಲ್ ದಾಖಲೆಯ ಪ್ರಕಾರ ಟ್ಯೂಬು ಅವನ ಡಬ್ಬಿಯಿಂದ ತುಂಬಿದ್ದೇ. ಡಬ್ಬಿಯ ಮೇಲೆ ಸಂಖ್ಯೆ ಬರೆದದ್ದೂ ನಾನೇ. ತಪ್ಪು ಪ್ರಯೋಗಾಲಯದಲ್ಲಿ ಆಗಿರಲಿಲ್ಲ.

ಹಾಗಾದರೆ ಅದಕ್ಕೂ ಮೊದಲು ಆಗಿತ್ತು. ಬಚ್ಚಲಿನಲ್ಲಿ. ಐಸ್ ಚೀಲದಲ್ಲಿ ನನ್ನ ಡಬ್ಬಿ ಇತ್ತು. ಅವನ ಕೈಯಲ್ಲಿ ಪುಟ್ಟ ಚಮಚ ಇತ್ತು. ಕೆಲಸಕ್ಕೆ ಹೊತ್ತಾಗಿತ್ತು, ಹೊಟ್ಟೆ ಕೈಕೊಟ್ಟಿತ್ತು. ಹೊರಗೆ ನಾನು ಕಾಯುತ್ತಿದ್ದೆ.

ಗುಂಡಿ ಒತ್ತಿದ ತಕ್ಷಣ ಕೆಳಗೆ ಇಳಿಯಬೇಕು.

ಅಷ್ಟು ದಿನ ನಾನು ನೆಲಮಾಳಿಗೆಗೆ ಇಳಿದು ನೋಡಿಬರುತ್ತಿದ್ದದ್ದು ನನ್ನದನ್ನೇ.

ಬಸ್ಸಿನಲ್ಲಿ ಮನೆಗೆ ಬರುವಾಗ ಅತ್ತೆಗೆ ಹೇಗೆ ಹೇಳುವುದೆಂದು ಯೋಚಿಸಿದೆ. ಮಗನ ಕೊನೆಯ ಚೂರು ಎಂದು ನಂಬಿಸಿ, ಒಪ್ಪಿಗೆ ತೆಗೆದುಕೊಂಡು, ಈಗ ಅದು ಅವನದಾಗಿರಲೇ ಇಲ್ಲ ಎಂದು ಹೇಳಬೇಕಿತ್ತು. ಬೇರೆ ದಾರಿ ಹೊಳೆಯದೆ, ಚಪ್ಪಲಿ ಬಿಡುತ್ತಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅತ್ತೆ ಸೌಟು ಹಿಡಿದು ನಿಂತಿದ್ದರು. ಅವರ ಮುಖ ಗಂಟಿಕ್ಕಿತು, ಬಿಚ್ಚಿತು, ಮತ್ತೆ ಗಂಟಿಕ್ಕಿತು. “ಅಂದ್ರೆ ನಿಂದನ್ನ ಕದ್ದು ಅವನದು ಅಂತ ಕೊಟ್ನಾ?”

“ಹಾಗೇ ಕಾಣುತ್ತೆ.”

“ಬೆಂಕಿಕಡ್ಡಿ ಪೆಟ್ಟಿಗೆ!” ಎಂದು ಕೂಗಿದರು ಅತ್ತೆ. ಆ ದನಿಗೆ ತುಂಬಿದ ಬಸ್ಸೂ ಹಿಂದಕ್ಕೆ ಸರಿಯುತ್ತಿತ್ತು. “ಥೂ ನನ್ನ ಮಗನೇ, ಇನ್ನೊಂದ್ಸಲ ಅದೇ ಆಟಾನಾ!”

“ಏನತ್ತೆ?”

ಅವರು ಕುರ್ಚಿಗೆ ಕುಸಿದು ನಗತೊಡಗಿದರು. ಮಾತು ನಗುವಿನ ನಡುವೆ ತುಂಡು ತುಂಡಾಗಿ ಬಂತು. “ಮೂರನೇ ಕ್ಲಾಸಲ್ಲಿ. ಸ್ಕೂಲಿಗೆ ಡಾಕ್ಟ್ರು ಬಂದಿದ್ರು, ಹೊಟ್ಟೆಹುಳ ನೋಡೋಕೆ. ಎಲ್ಲ ಮಕ್ಳೂ ಬೆಂಕಿಕಡ್ಡಿ ಪೆಟ್ಟಿಗೇಲಿ ತರಬೇಕು ಅಂದ್ರು. ಇವನಿಗೆ ಬರ್ಲಿಲ್ಲ. ಬರಲ್ವಲ್ಲ, ಡಿಪೋ ಬಸ್ಸು. ಏನು ಮಾಡ್ದ ಗೊತ್ತಾ? ತಂಗೀದು ತುಂಬ್ಕೊಂಡು ಹೋದ!”

“ಆಮೇಲೆ?”

“ಅವಳ ಹೊಟ್ಟೇಲಿ ಹುಳ ಇತ್ತು. ಇವನಿಗೆ ಔಷಧಿ ಕೊಟ್ರು. ಕಹಿ ಅಂದ್ರೆ ಕಹಿ, ವಿಷ. ಬಾಯಿಬಿಟ್ರೆ ಗುಟ್ಟು ರಟ್ಟಾಗುತ್ತೆ ಅಂತ ತೆಪ್ಪಗೆ ನುಂಗಿದ. ಹುಳ ಅವಳಿಗೆ, ಔಷಧಿ ಇವನಿಗೆ! ಒಂದು ತಿಂಗಳಾದ್ರೂ ಅವಳು ಕೆರ್ಕೊಳ್ತಾನೇ ಇದ್ಲು. ಆಗ ಹಿಡಿದು ಕೇಳಿದ್ರೆ, ‘ಒಂದೇ ಮನೆ ಊಟ ಅಲ್ವಾ ಅಮ್ಮ, ಏನು ವ್ಯತ್ಯಾಸ’ ಅಂದ.”

ನಾನು ನಕ್ಕೆ. ಅದು ತಾನಾಗಿ ಬಂತು, ಕೆಮ್ಮಿನ ಹಾಗೆ, ತಡೆಯಲು ನೋಡಿದರೆ ಜಾಸ್ತಿಯಾಗುವಂಥದ್ದು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಒಂದು ಸಲ ಬೈದಿದ್ದು ಸಾಲ್ಲಿಲ್ಲ ನೋಡು ಅವನಿಗೆ,” ಎಂದರು. ಒಲೆಯ ಮೇಲಿನ ಕಾಳು ತಳ ಹಿಡಿದ ವಾಸನೆ ಬರುವವರೆಗೆ ಇಬ್ಬರೂ ಹಾಗೇ ಕೂತಿದ್ದೆವು.

ಪಾತ್ರೆ ಇಳಿಸಿ ಬಂದ ಮೇಲೆ ಅವರ ದನಿ ತಗ್ಗಿತ್ತು. “ಹಾಗಾದ್ರೆ ನಿನಗೆ ಬೇಕಾಗಿದ್ದು ಗೊತ್ತಾಗಲ್ಲ.”

“ಗೊತ್ತಾಗಲ್ಲ.”

“ನನ್ನಿಂದ ಅವನಿಗೆ ಹೋಗಿದ್ದೂ?”

“ಅದೂ ಇಲ್ಲ. ಅವನದೇ ಇಲ್ವಲ್ಲ ಅತ್ತೆ. ಇರೋದು ನಿಮ್ಮದು, ನಂದು.”

ಹಾಗೆಂದವಳಿಗೆ ಅದೇ ಮಾತು ಮತ್ತೆ ಕೇಳಿಸಿತು. ನಿಮ್ಮದು, ನಂದು.

ನಮ್ಮಲ್ಲಿದ್ದದ್ದು ನನ್ನ ಹಳೆಯ ಸ್ಯಾಂಪಲ್, ಎರಡು ಪಾಲು. ಅದನ್ನು ಕೊಟ್ಟಾಗ ಅತ್ತೆ ಬೇರೆ ಊರಿನಲ್ಲಿದ್ದರು. ನಮ್ಮ ಮನೆ ಬೇರೆ, ನೀರು ಬೇರೆ, ಅಡುಗೆ ಬೇರೆ. ನಾವಿಬ್ಬರೂ ಒಂದು ಸೂರಿನ ಕೆಳಗೆ ಒಟ್ಟು ಒಂದು ವಾರವೂ ಕಳೆದಿರಲಿಲ್ಲ. ನಮ್ಮ ನಡುವೆ ಇದ್ದದ್ದು ಒಬ್ಬ ಮನುಷ್ಯ. ಅವರ ಮನೆಯಲ್ಲಿ ಹುಟ್ಟಿ ಬೆಳೆದು ನನ್ನ ಮನೆಗೆ ಬಂದವನು.

ಮರುದಿನ ಲೆಕ್ಕದಮ್ಮನ ಬಳಿ ನಿಂತು ಹೇಳಿದೆ, “ನನ್ನ ಹಳೇದನ್ನ ಅತ್ತೇದ್ರ ಜೊತೆ ಹೋಲಿಸು.”

“ಯಾಕಕ್ಕಾ? ಅತ್ತೆ ಸೊಸೆ ಅಂದ್ರೆ ರಕ್ತ ಸಂಬಂಧ ಅಲ್ಲ, ಆಗ ಜೊತೆಗೂ ಇರ್ಲಿಲ್ಲ. ಸೊನ್ನೆ ಬರುತ್ತೆ.”

“ಸೊನ್ನೆ ಬಂದ್ರೆ ಬರ್ಲಿ.”

ಆ ಹೋಲಿಕೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವಳ ಹೆಗಲ ಮೇಲಿನಿಂದ ನೋಡುತ್ತ ನಿಂತೆ. ಉತ್ತರ ಬೇಕು ಎಂಬ ಹಸಿವು ಮತ್ತೆ ಹುಟ್ಟಿತ್ತು, ಪರೀಕ್ಷೆಗೆ ಓದುತ್ತಿದ್ದ ದಿನಗಳದ್ದು. ಸತ್ತಿದೆ ಎಂದುಕೊಂಡಿದ್ದೆ.

“ಅರೆ,” ಎಂದಳು ಲೆಕ್ಕದಮ್ಮ.

ಜೊತೆಗಿರದ ಇಬ್ಬರಲ್ಲಿ ಒಂದು ತಳಿ ತಾಳೆಯಾದರೆ ಅದೇ ಹೆಚ್ಚು. ಇಲ್ಲಿ ನಾಲ್ಕು ತಾಳೆಯಾಗಿದ್ದವು. ಅವಳು ನಮ್ಮ ಅಧ್ಯಯನದ ಬೇರೆ ಮನೆಗಳ ಹೆಂಗಸರೊಡನೆ ನನ್ನದನ್ನು ಹೋಲಿಸಿದಳು. ಅಲ್ಲಿ ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಅತ್ತೆಯೊಂದಿಗೆ ಮತ್ತೆ ನಾಲ್ಕು.

“ನಡುವೆ ಯಾರೋ ದಾಟಿಸಿರ್ಬೇಕು ಅನ್ಸುತ್ತೆ ಅಕ್ಕಾ.”

“ಅನ್ಸುತ್ತೆ ಅಷ್ಟೇ.”

“ಹೂಂ. ಅನ್ಸುತ್ತೆ ಅಷ್ಟೇ,” ಎಂದಳು. ಆದರೆ ಅವಳ ಮುಖ ಅರಳಿತ್ತು.

“ಈಗಿನದ್ರಲ್ಲಿ? ಮೊನ್ನೆ ಕೊಟ್ಟಿದ್ರಲ್ಲಿ?”

ಅವಳು ಹುಡುಕಿದಳು. ನಾಲ್ಕರಲ್ಲಿ ಮೂರು ಇಲ್ಲ. ಒಂದು ಇದೆ, ಆದರೆ ಜರಡಿ ಹಿಡಿದು ಹುಡುಕುವಷ್ಟು ಕಡಿಮೆ. ಅದರ ವಂಶವಾಹಿಗಳನ್ನು ತೆರೆದು ತೋರಿಸಿದಳು. ಕಾಳಿನ ನಾರನ್ನು ಕತ್ತರಿಸುವ ಕಿಣ್ವಗಳೇ ಸಾಲು ಸಾಲಾಗಿದ್ದವು. ಬ್ರೆಡ್ ಚಹಾದಲ್ಲಿ ಅದಕ್ಕೆ ದಕ್ಕುವಂಥದ್ದು ಏನೂ ಇರಲಿಲ್ಲ. ಒಂದು ವರ್ಷದಿಂದ ನಾನು ಅದನ್ನು ಉಪವಾಸ ಕೆಡವಿದ್ದೆ.

ಮೇಡಂ ಎಲ್ಲ ನೋಡಿ ಕ್ಯಾಪು ಕಚ್ಚಿದರು. “ಒಂದು ಮನೆ ಅಂದ್ರೆ ಕಥೆ. ಪುರಾವೆ ಅಲ್ಲ. ಅತ್ತೆ ಮನೆಗೆ ಹೋದಾಗ ನಿನಗೆ ನೇರವಾಗಿ ಬಂದಿರಬಹುದು. ಬರೀ ಕಾಕತಾಳೀಯನೂ ಆಗಿರಬಹುದು.”

“ಗೊತ್ತು ಮೇಡಂ.”

“ಆದರೆ ಪ್ರಶ್ನೆ ಚೆನ್ನಾಗಿದೆ. ನಮ್ಮ ಮನೆಗಳಲ್ಲಿ ದೂರ ಇರೋ ಅತ್ತೆ ಮಾವಂದಿರು ಎಷ್ಟು ಜನ ಸಿಗ್ತಾರೆ ನೋಡು. ನೀನೇ ಬರಿ.” ಆಮೇಲೆ ಕೇಳಿದರು, “ಸೂಚನೆ ಸ್ಪಷ್ಟವಾಗಿದೆ ಅಂತ ಟ್ರಯಲಲ್ಲಿ ಬರೆದವರು ಯಾರು?”

“ನಾನೇ.”

“ತಿದ್ದು. ನಿಮ್ಮದನ್ನೇ ಹಾಕಿ ಅಂತ ಒಂದು ಸಾಲು ಸೇರಿಸು.”

ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ಅತ್ತೆ ಈ ಸಲ ರಿಸಲ್ಟ್ ಕೇಳಲಿಲ್ಲ. ನಾನೇ ಹೇಳಿದೆ. ನಿಧಾನವಾಗಿ, ಊರಿನ ಪದಗಳಲ್ಲಿ. ಎಲ್ಲಿ ಗೊತ್ತು, ಎಲ್ಲಿ ಗೊತ್ತಿಲ್ಲ, ಎರಡನ್ನೂ ಹೇಳಿದೆ. ಅವರು ಟಿಕೆಟ್ ತಪಾಸಣೆಗೆ ಬಂದವರ ಹಾಗೆ ನಡುನಡುವೆ ತಡೆದು ಕೇಳಿದರು.

“ನನ್ನಲ್ಲಿ ಇರೋದು ಅಷ್ಟು ದೂರದಿಂದ ನಿನ್ನಲ್ಲಿ ಹೇಗೆ ಬಂತು?”

“ಅವನು ತಂದಿರಬಹುದು.”

“ಇರಬಹುದು.”

“ಹೂಂ. ಇರಬಹುದು.”

“ಈಗ ಒಂದೇ ಉಳಿದಿದೆ.”

“ಒಂದೇ. ಅದೂ ಚೂರು. ಇಲ್ಲಿ ಬಂದ ಮೇಲೆ ನೀವೇ ಮತ್ತೆ ಕೊಟ್ಟಿದ್ರೂ ಕೊಟ್ಟಿರಬಹುದು. ಹೇಳಕ್ಕಾಗಲ್ಲ.”

“ಯಾರು ಕೊಟ್ರೇನು, ಒಂದೇ ಡಿಪೋ ಬಸ್ಸು.” ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತ ಯೋಚಿಸಿದರು. “ಅದು ಏನು ತಿನ್ನುತ್ತೆ?”

“ಕಾಳು. ಕಾಳಿನ ಸಿಪ್ಪೆ, ನಾರು.”

ಅತ್ತೆ ಎದ್ದರು. ಪಾತ್ರೆಯ ಮುಚ್ಚಳ ತೆಗೆದರು. ಆವಿ ಅವರ ಕನ್ನಡಕವನ್ನು ಮುಚ್ಚಿತು, ಅದರಲ್ಲೇ ಒಂದು ತಟ್ಟೆ ತಡಕಿ ತೆಗೆದರು. ಒಂದು ಸೌಟು ಹಾಕಿದರು. ಕನ್ನಡಕ ತಿಳಿಯಾದ ಮೇಲೆ ನನ್ನನ್ನು ನೋಡಿ ಇನ್ನೊಂದು ಸೌಟು ಹಾಕಿದರು.

“ಇಷ್ಟು ಆಗಲ್ಲ ಅತ್ತೆ.”

“ನಿನಗೆ ಹಾಕಿದ್ನಾ? ಅದಕ್ಕೆ ಹಾಕಿದ್ದು. ನೀನು ಸುಮ್ನೆ ದಾರಿ ಬಿಡು.”

ನಾನು ತಟ್ಟೆ ಹತ್ತಿರಕ್ಕೆ ಎಳೆದುಕೊಂಡೆ. ಕಾಳು ಮೆತ್ತಗೆ ಬೆಂದಿತ್ತು, ಸಿಪ್ಪೆ ಮಾತ್ರ ಹಲ್ಲಿಗೆ ಸಿಗುತ್ತಿತ್ತು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಉಪ್ಪು ಹೆಚ್ಚಾಗಿದೆ ಎಂದು ನನ್ನ ನಾಲಿಗೆಗೆ ಗೊತ್ತಾಯಿತು.

ಅತ್ತೆ ತಮ್ಮ ತಟ್ಟೆ ಹಾಕಿಕೊಂಡು ಎದುರಿಗೆ ಕೂತರು.

“ಮತ್ತೆ ಯಾವಾಗ ನೋಡ್ತೀಯ?”

“ಆರು ವಾರ ಬಿಟ್ಟು. ಹೊಸ ಡಬ್ಬಿ ತರ್ತೀನಿ.”

“ಜಾಸ್ತಿ ಆಗಿದ್ರೆ ಗೊತ್ತಾಗುತ್ತಾ?”

“ಜಾಸ್ತಿ ಆಗಿದ್ರೂ ಗೊತ್ತಾಗುತ್ತೆ, ಹೋಗಿದ್ರೂ ಗೊತ್ತಾಗುತ್ತೆ.”

“ಎರಡು ಡಬ್ಬಿ ತಾ,” ಎಂದರು ಅತ್ತೆ. “ಎರಡನ್ನೂ ಒಟ್ಟಿಗೆ ಬಚ್ಚಲಲ್ಲಿ ಇಡೋದು ಬೇಡ. ನಿಂದು ನಿನ್ನ ಕೋಣೇಲಿ ಬೀಗ ಹಾಕಿ ಇಡು. ನಮ್ಮ ಮನೆತನ ನಂಬೋಕಾಗಲ್ಲ.”